ಕಟ್‌ಆಫ್ ಎಂದರೆ ಕೊನೆಯ ಸೀಟಿನ ಲೆಕ್ಕ

ಎಂಜಿನಿಯರಿಂಗ್ ಪ್ರವೇಶದ ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ‘ಅಷ್ಟು ಹೆಸರಿರುವ ಕಾಲೇಜಿನ ಕಟ್‌ಆಫ್ ಇಷ್ಟು ಕಡಿಮೆಯೇ? ಏನೋ ಕೊರತೆ ಇರಬೇಕು’ ಎಂಬ ಮಾತು ವರ್ಷವೂ ಕೇಳಿಬರುತ್ತದೆ. ಇದನ್ನು ನಂಬಿ ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳನ್ನು ಆದ್ಯತೆಯಂತೆ ದಾಖಲಿಸುವಾಗ) ಒಳ್ಳೆಯ ಕಾಲೇಜನ್ನೇ ಕೈಬಿಡುವವರಿರುವುದರಿಂದ ಈ ಪದವನ್ನು ಬಿಡಿಸಿ ಹೇಳಬೇಕಾಗಿದೆ. ಒಂದು ಕಾಲೇಜಿನ ಒಂದು ವಿಭಾಗದಲ್ಲಿ, ಒಂದು ಪ್ರವರ್ಗದಡಿ, ಒಂದು ಸುತ್ತಿನಲ್ಲಿ ಕೊನೆಯದಾಗಿ ಸೀಟು ಪಡೆದ ಅಭ್ಯರ್ಥಿಯ ರ್ಯಾಂಕೇ ಕಟ್‌ಆಫ್. ವಿಭಾಗ, ಪ್ರವರ್ಗ, ಸುತ್ತು ಯಾವುದೆಂದು ಹೇಳದೆ ಬರೀ ಸಂಖ್ಯೆ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ.

ಗೊಂದಲದ ಬೇರು ‘ಕಡಿಮೆ’ ಎಂಬ ಮಾತಿನಲ್ಲಿದೆ. ಅಂಕ ಕಡಿಮೆಯಾದರೆ ಪೈಪೋಟಿ ಕಡಿಮೆ ಎಂದಾಗಬಹುದು. ಕೊನೆಯ ರ್ಯಾಂಕಿನ ಸಂಖ್ಯೆ ಕಡಿಮೆಯಾದರೆ ಪೈಪೋಟಿ ಹೆಚ್ಚು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವುದು ರ್ಯಾಂಕನ್ನು. ಹಾಗಿರುವಾಗ ‘ಕಟ್‌ಆಫ್ ಇಳಿದಿದೆ’ ಎಂದವರು ಸೀಟು ಸುಲಭವಾಯಿತು ಎನ್ನುತ್ತಿದ್ದಾರೋ ಕಷ್ಟವಾಯಿತು ಎನ್ನುತ್ತಿದ್ದಾರೋ ಕೇಳುವವರಿಗೆ ಗೊತ್ತಾಗುವುದಿಲ್ಲ. ‘ಕೊನೆಯ ರ್ಯಾಂಕ್’ ಎಂದು ಹೇಳುವ ರೂಢಿ ಬಂದರೆ ಅರ್ಧ ಜಗಳ ಮುಗಿಯುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಅರ್ಹತಾ ಅಂಕವನ್ನೇ ಪ್ರವೇಶದ ಕಟ್‌ಆಫ್ ಎಂದು ತಿಳಿಯುವುದು. ಐಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಸಾಮಾನ್ಯ ರ್ಯಾಂಕ್ ಪಟ್ಟಿ ಸೇರಲು 2022ರಲ್ಲಿ 360ಕ್ಕೆ 55 ಅಂಕ ಸಾಕಾಗಿತ್ತು, 2024ರಲ್ಲಿ 109 ಬೇಕಾಯಿತು. ಪ್ರಶ್ನೆಪತ್ರಿಕೆ ಕಠಿಣವಾದ ವರ್ಷ ಈ ಅಂಕ ಕೆಳಗಿಳಿಯುತ್ತದೆ, ಅದಕ್ಕೂ ಐಐಟಿಗಳ ಗುಣಮಟ್ಟಕ್ಕೂ ಸಂಬಂಧವಿಲ್ಲ. ‘ನೂರಕ್ಕೆ ಹದಿನೈದು ತೆಗೆದವರಿಗೂ ಐಐಟಿ’ ಎಂದು ಬರೆಯುವವರು, 55 ಅಂಕ ಪಡೆದವರು ಪಟ್ಟಿಯ ಬಾಲದಲ್ಲಿರುತ್ತಾರೆ ಮತ್ತು ಸೀಟು ಸಿಗುವುದು ಆ ಪಟ್ಟಿಯ ರ್ಯಾಂಕಿನ ಪ್ರಕಾರ ಎಂಬುದನ್ನು ಮರೆಯುತ್ತಾರೆ.

ಇನ್ನು ವಿಭಾಗದ ಮಾತು. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಸೈನ್ಸ್‌ಗೂ ಮೈನಿಂಗ್‌ಗೂ ಕೊನೆಯ ರ್ಯಾಂಕಿನಲ್ಲಿ ಭಾರಿ ಅಂತರವಿದೆ, ಆದರೆ ಎರಡೂ ಇರುವುದು ಒಂದೇ ಆವರಣದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಆರಂಭವಾದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯಲ್ಲೂ ಸಿವಿಲ್ ವಿಭಾಗದ ಕೊನೆಯ ರ್ಯಾಂಕ್ ಕಂಪ್ಯೂಟರ್ ಸೈನ್ಸಿನದಕ್ಕಿಂತ ಬಹಳ ಹಿಂದಿರುತ್ತದೆ. ಈ ಸಂಖ್ಯೆಯಿಂದ ತಿಳಿಯುವುದು ಈ ಹೊತ್ತಿನ ವಿದ್ಯಾರ್ಥಿಗಳೂ ಪೋಷಕರೂ ಯಾವ ಕೆಲಸವನ್ನು ಬಯಸುತ್ತಿದ್ದಾರೆ ಎಂಬುದಷ್ಟೇ. ಅಲ್ಲಿನ ಸಿವಿಲ್ ಪಾಠವನ್ನು ಇದರಿಂದ ಅಳೆಯುವುದು ಅನ್ಯಾಯ.

ಪ್ರಾಧಿಕಾರದ ಕಟ್‌ಆಫ್ ಪಟ್ಟಿಯನ್ನು ತೆರೆದು ನೋಡಿ. ಒಂದೊಂದು ವಿಭಾಗದ ಮುಂದೆ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ ಎಂದು ಸಾಲುಗಟ್ಟಿದ ಕಾಲಂಗಳು ಕಾಣುತ್ತವೆ. ಜಿಎಂ ಎಂದರೆ ಸಾಮಾನ್ಯ ವರ್ಗ, ಜಿಎಂಆರ್ ಅದರಲ್ಲಿನ ಗ್ರಾಮೀಣರದು, 2ಎಜಿ 2ಎ ಪ್ರವರ್ಗದ್ದು. ಜಿಎಂಕೆ ಎಂಬುದು ಸಾಮಾನ್ಯ ವರ್ಗದ ಕನ್ನಡ ಮಾಧ್ಯಮದವರ ಕಾಲಂ. ಕನ್ನಡ ಮಾಧ್ಯಮಕ್ಕೆ ಇರುವ ಮೀಸಲು ಶೇ. 5 ಮಾತ್ರ, ಅದೂ ಎಲ್ಲ ಪ್ರವರ್ಗಗಳಿಗೆ ಹಂಚಿಹೋಗುತ್ತದೆ. ಹೀಗಾಗಿ ಅಲ್ಲಿ ಒಂದೋ ಎರಡೋ ಸೀಟು ಮಾತ್ರ ಇರುತ್ತದೆ, ಒಬ್ಬ ವಿದ್ಯಾರ್ಥಿ ಬೇರೆ ಕಾಲೇಜು ಆರಿಸಿಕೊಂಡರೂ ಆ ಸಂಖ್ಯೆ ಸಾವಿರಗಟ್ಟಲೆ ಹಿಂದಕ್ಕೆ ಸರಿಯಬಹುದು. ಇಂಥ ಒಂದು ಕಾಲಂ ತೋರಿಸಿ ಇಡೀ ಕಾಲೇಜನ್ನು ತೂಗುವುದು ಸರಿಯಲ್ಲ.

ಸುತ್ತಿನದೂ ಇದೇ ಕಥೆ: ಮೊದಲು ಸೀಟು ಪಡೆದವರು ಎನ್‌ಐಟಿಗೋ ಕಾಮೆಡ್‌-ಕೆ ಸೀಟಿಗೋ (ಖಾಸಗಿ ಕಾಲೇಜುಗಳ ಬೇರೆ ಪರೀಕ್ಷೆಯ ಮೂಲಕ ಸಿಗುವ ಸೀಟು) ಹೋದಾಗ ತೆರವಾದ ಸ್ಥಾನಗಳು ಪಟ್ಟಿಯಲ್ಲಿ ಅವರಿಗಿಂತ ಹಿಂದಿರುವವರಿಗೆ ಸಿಗುತ್ತವೆ. ಸೀಟುಗಳ ಸಂಖ್ಯೆ ಹೆಚ್ಚಿದಾಗಲೂ ಹಾಗೆಯೇ. 2024-25ರಲ್ಲಿ ಉತ್ತಮ ಸಂಸ್ಥೆಗಳಲ್ಲಿ ವಿಭಾಗವೊಂದರ ಪ್ರವೇಶ ಮಿತಿಯನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ ಎಐಸಿಟಿಇ ತೆಗೆದುಹಾಕಿತು, ಆದ್ದರಿಂದ ಎರಡು ವರ್ಷಗಳ ಕೊನೆಯ ರ್ಯಾಂಕನ್ನು ಹೋಲಿಸುವ ಮುನ್ನ ಆ ಎರಡೂ ವರ್ಷ ಅಲ್ಲಿ ಎಷ್ಟು ಸೀಟುಗಳಿದ್ದವು ಎಂಬುದನ್ನು ಸೀಟ್ ಮ್ಯಾಟ್ರಿಕ್ಸಿನಲ್ಲಿ (ಕಾಲೇಜುವಾರು ಸೀಟುಗಳ ಪಟ್ಟಿಯಲ್ಲಿ) ನೋಡಿಕೊಳ್ಳಬೇಕು.