ಹೊಟ್ಟೆಗೆ ಗ್ಯಾಸ್ ತುಂಬುವ ಮುಂಚಿನ ಹತ್ತು ನಿಮಿಷ

ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಎಂದರೆ ಮೂರು-ನಾಲ್ಕು ಸಣ್ಣ ತೂತು, ಒಂದೆರಡು ದಿನದಲ್ಲಿ ಮನೆ. ಗಾಯ ಸಣ್ಣದು ನಿಜ. ಆ ಹೊತ್ತಿನಲ್ಲಿ ಹೃದಯದ ಮೇಲೆ ಬೀಳುವ ಭಾರ ಮಾತ್ರ ಸಣ್ಣದಲ್ಲ. ಆ ಭಾರ ತಗ್ಗಿಸಲು ಅರಿವಳಿಕೆಗೆ ಮುಂಚೆ ಕೊಡುವ ಔಷಧಿಗಳ ಮಾತು ಇದು.

ಮೊದಲ ಏಟು ಶ್ವಾಸನಾಳಕ್ಕೆ ಟ್ಯೂಬ್ ಹಾಕುವಾಗ. ಗಂಟಲೊಳಗೆ ನೋಡುವ ಉಪಕರಣ ಲಾರಿಂಗೋಸ್ಕೋಪ್ ತಾಗಿದ ಒಂದೆರಡು ನಿಮಿಷದಲ್ಲೇ ನಾಡಿ, ಬಿಪಿ ಏರುತ್ತವೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇಳಿಯುತ್ತವೆ. ಎರಡನೆಯದು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿದಾಗ. ಇದು ಅಷ್ಟು ಬೇಗ ಇಳಿಯುವುದಿಲ್ಲ. ಒಳಗಿನ ಒತ್ತಡ 12ರಿಂದ 15 ಮಿ.ಮೀ. ಪಾದರಸಕ್ಕೆ ಬಂದಾಗ ನಾರ್‌ಅಡ್ರಿನಲಿನ್, ವ್ಯಾಸೊಪ್ರೆಸಿನ್ ಎಂಬ ಹಾರ್ಮೋನುಗಳು ಹೆಚ್ಚಿ ರಕ್ತನಾಳಗಳು ಬಿಗಿಯುತ್ತವೆ. ಪಿತ್ತಕೋಶ ಚೆನ್ನಾಗಿ ಕಾಣಲೆಂದು ಟೇಬಲ್ಲಿನ ತಲೆಭಾಗ ಎತ್ತುವುದರಿಂದ ಹೃದಯಕ್ಕೆ ಮರಳುವ ರಕ್ತವೂ ಕಡಿಮೆ. ಹಾಗಾಗಿ ಮಾನಿಟರಿನಲ್ಲಿ ಬಿಪಿ ಏರಿದ್ದರೂ ಹೃದಯ ಹೊರಹಾಕುವ ರಕ್ತ ಕುಗ್ಗಿರಬಹುದು. ಹಳೆಯ ಬಿಪಿ ರೋಗಿಗೆ, ಹೃದಯದ ರಕ್ತನಾಳ ಕಿರಿದಾದವರಿಗೆ ಇದೇ ಅಪಾಯ.

ಮಂಪರು ತರಿಸುವ ಮಿಡಜೋಲಾಮ್ 1ರಿಂದ 2 ಮಿಲಿಗ್ರಾಂ ಕೊಟ್ಟರೆ ಭಯ ಹೋಗುತ್ತದೆ, ಓಟಿಯೊಳಗಿನ ನೆನಪೂ ಉಳಿಯುವುದಿಲ್ಲ. ಆದರೆ ಮನಸ್ಸು ಶಾಂತವಾದರೆ ಮೈಯೂ ಶಾಂತವಾಯಿತು ಎಂದುಕೊಳ್ಳಬಾರದು. ಗ್ಯಾಸಿನಿಂದ ಏಳುವ ಹಾರ್ಮೋನುಗಳ ಅಲೆಯನ್ನು ಆ ಪ್ರಮಾಣ ತಡೆಯಲಾರದು. ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್‌ಗಳ ದಾರಿ ಬೇರೆ: ಮಿದುಳಿನಲ್ಲೂ ನರಗಳ ತುದಿಯಲ್ಲೂ ಆಲ್ಫಾ-2 ಗ್ರಾಹಕಗಳನ್ನು (ಜೀವಕೋಶದ ಮೇಲೆ ಔಷಧಿ ಅಂಟುವ ತಾಣಗಳನ್ನು) ಹಿಡಿದು ನಾರ್‌ಅಡ್ರಿನಲಿನ್ ಬಿಡುಗಡೆಯನ್ನೇ ತಗ್ಗಿಸುತ್ತವೆ. ರೋಗಿ ಮಂಪರಿನಲ್ಲಿದ್ದರೂ ಕೂಗಿದರೆ ಕಣ್ಣು ಬಿಡುತ್ತಾರೆ, ಉಸಿರಾಟ ಬಹುಮಟ್ಟಿಗೆ ಹಾಗೇ ಇರುತ್ತದೆ. ಮುಂದೆ ಪ್ರಜ್ಞೆ ತಪ್ಪಿಸಲು ಬೇಕಾಗುವ ಪ್ರೊಪೋಫಾಲ್ ಕೂಡ ಕಡಿಮೆಯಾಗುತ್ತದೆ. ಎಂದಿನ ಪ್ರಮಾಣವನ್ನೇ ತಳ್ಳಿದರೆ ಬಿಪಿ ಕುಸಿಯುತ್ತದೆ.

ಕ್ಲೋನಿಡಿನ್ ಆದರೆ 150 ಮೈಕ್ರೋಗ್ರಾಂ ಮಾತ್ರೆ, ಒಂದರಿಂದ ಒಂದೂವರೆ ಗಂಟೆ ಮೊದಲು, ಒಂದು ಗುಟುಕು ನೀರಿನಲ್ಲಿ. ಡೆಕ್ಸ್‌ಮೆಡಿಟೊಮಿಡಿನ್ ಕೆಜಿಗೆ 0.5ರಿಂದ 1 ಮೈಕ್ರೋಗ್ರಾಂ, ಸಿರಿಂಜ್ ಪಂಪಿನಲ್ಲಿ ಹತ್ತು ನಿಮಿಷ. 200 ಮೈಕ್ರೋಗ್ರಾಂ ಔಷಧಿಯನ್ನು ಸಲೈನ್ ಸೇರಿಸಿ 50 ಮಿ.ಲೀ. ಮಾಡಿದರೆ ಮಿ.ಲೀ.ಗೆ 4 ಮೈಕ್ರೋಗ್ರಾಂ. 60 ಕೆಜಿಯವರಿಗೆ ಪೂರ್ಣ ಪ್ರಮಾಣ (ಕೆಜಿಗೆ 1 ಮೈಕ್ರೋಗ್ರಾಂ) 15 ಮಿ.ಲೀ.; ಪಂಪನ್ನು ಗಂಟೆಗೆ 90 ಮಿ.ಲೀ.ಗೆ ಇಡಬೇಕು, ಹತ್ತು ನಿಮಿಷಕ್ಕೆ ನಿಲ್ಲಿಸಬೇಕು. ದಿನದ ಆಪರೇಷನ್ ಲಿಸ್ಟ್ ಉದ್ದವಿದೆ ಎಂದು ಎರಡು ನಿಮಿಷದಲ್ಲಿ ಕೈಯಿಂದ ತಳ್ಳುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಔಷಧಿ ಒಮ್ಮೆಲೇ ಹೋದರೆ ರಕ್ತನಾಳದ ಗೋಡೆಯ ಗ್ರಾಹಕಗಳು ಮೊದಲು ಕೆರಳಿ ಬಿಪಿ ಜಿಗಿಯುತ್ತದೆ, ಅದರ ಬೆನ್ನಿಗೇ ನಾಡಿ ಬೀಳುತ್ತದೆ.

ನಾಡಿ ಬೀಳುವ ಇನ್ನೊಂದು ಗಳಿಗೆ ಹೊಟ್ಟೆಗೆ ಗ್ಯಾಸ್ ತುಂಬುವಾಗ. ಹೊಟ್ಟೆಯ ಒಳಪೊರೆಯಾದ ಪೆರಿಟೋನಿಯಂ ಹಠಾತ್ತನೆ ಹಿಗ್ಗಿದರೆ ಹೃದಯ ಬಡಿತ ನಿಧಾನಿಸುವ ವೇಗಸ್ ನರ ಕೆರಳುತ್ತದೆ. ಔಷಧಿಯ ಪ್ರಭಾವವೂ ಸೇರಿಕೊಂಡರೆ ಹೃದಯ ನಿಂತೇ ಹೋಗಬಹುದು. ಸರ್ಜನ್ ನಿಮಿಷಕ್ಕೆ ಒಂದೆರಡು ಲೀಟರಿನಂತೆ ನಿಧಾನವಾಗಿ ಶುರುಮಾಡಲಿ. ನಾಡಿ ಜಾರಿತೆಂದರೆ ಮೊದಲು ಗ್ಯಾಸ್ ಹೊರಬಿಡಿಸಬೇಕು, ಜೊತೆಗೇ ನಾಡಿ ಏರಿಸುವ ಅಟ್ರೋಪಿನ್ 0.6 ಮಿಲಿಗ್ರಾಂ.

ನಾಡಿ 50ಕ್ಕಿಂತ ಕಡಿಮೆ ಇರುವವರು, ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಹೃದಯದೊಳಗಿನ ವಿದ್ಯುತ್ ಸಂಕೇತಕ್ಕೆ ತಡೆ) ಇರುವವರು, ವಾಂತಿಯಿಂದ ನಿರ್ಜಲೀಕರಣವಾದವರಿಗೆ ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್ ಬೇಡ. ವಯಸ್ಸಾದವರಿಗೆ, ನಾಡಿ ತಗ್ಗಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಪ್ರಮಾಣ ಇಳಿಸಬೇಕು, ಕೆಲವೊಮ್ಮೆ ಬಿಟ್ಟೇಬಿಡಬೇಕು. ಆದ್ದರಿಂದ ಮನೆಯವರು ಮಾತ್ರೆಯ ಪಟ್ಟಿಯನ್ನೇ ತಂದು ಅರಿವಳಿಕೆ ತಜ್ಞರಿಗೆ ತೋರಿಸಲಿ. ಆಪರೇಷನ್ ಮುಗಿದ ಮೇಲೆ ಮಂಪರು, ಬಾಯಾರಿಕೆ ಸ್ವಲ್ಪ ಹೊತ್ತು ಉಳಿಯುತ್ತವೆ. ಮೊದಲ ಸಲ ಮಂಚದಿಂದ ಎಬ್ಬಿಸುವ ಮುನ್ನ ಕೂರಿಸಿ ಬಿಪಿ ನೋಡಬೇಕು.