ಹತ್ತು ಪರ್ಸೆಂಟ್ ಎಲ್ಲಿ ಇಡೋದು?

ಬೆಂಕಿ ಆರಿಸುವ ಸ್ಪ್ರಿಂಕ್ಲರ್ ವ್ಯವಸ್ಥೆಯ ಡ್ರಾಯಿಂಗ್ ಬಿಚ್ಚಿಟ್ಟ ಕೂಡಲೇ ನಮ್ಮ ಕಲಬುರಗಿ ಕಡೆಯ ಮಿಲ್ ಮಾಲಕರು ಕೇಳುವ ಮೊದಲ ಪ್ರಶ್ನೆ: "ಸರ, ಮ್ಯಾಲೆ ಹತ್ತು ಪರ್ಸೆಂಟ್ ಹಿಡದೀರಿ ಇಲ್ರಿ?" ಬೇಕಾದದ್ದಕ್ಕಿಂತ ಅಷ್ಟು ಹೆಚ್ಚು, ಅಂದರೆ ಮಾರ್ಜಿನ್, ಹಿಡಿದೇ ಇರುತ್ತೇವೆ. ಯಾವುದರ ಮೇಲೆ ಹಿಡಿದಿದ್ದೇವೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒತ್ತಡದ ಮೇಲೋ, ಹರಿವಿನ ಮೇಲೋ, ಸಂಪಿನಲ್ಲಿರುವ ನೀರಿನ ಮೇಲೋ? ಒಂದಕ್ಕೆ ಕೊಟ್ಟ ಮಾರ್ಜಿನ್ ಇನ್ನೊಂದರದನ್ನು ತಿಂದುಹಾಕಬಹುದು. ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಆಗುವುದೂ ಅದೇ.

ಮೊದಲು ಒತ್ತಡ. ಸ್ಪ್ರಿಂಕ್ಲರ್ ಹೆಡ್ಡಿನಿಂದ (ನೀರು ಚಿಮ್ಮುವ ಮೂತಿಯಿಂದ) ಹೊರಬೀಳುವ ನೀರು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಕೆ-80 ಹೆಡ್ 1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಕೊಡುತ್ತದೆ. ಒತ್ತಡವನ್ನು 10 ಪರ್ಸೆಂಟ್ ಏರಿಸಿದರೆ ಸಿಗುವುದು 84 ಲೀಟರ್, ಅಂದರೆ ಹೆಚ್ಚಿದ್ದು 5 ಪರ್ಸೆಂಟ್ ಮಾತ್ರ. ನೀರೇ 10 ಪರ್ಸೆಂಟ್ ಹೆಚ್ಚು ಬೇಕೆಂದರೆ ಹೆಡ್ಡಿನಲ್ಲಿ ಒತ್ತಡ 21 ಪರ್ಸೆಂಟ್ ಏರಬೇಕು, ಪೈಪಿನೊಳಗಿನ ಘರ್ಷಣೆ ನಷ್ಟವೂ ಸುಮಾರು 19 ಪರ್ಸೆಂಟ್ ಏರುತ್ತದೆ. ಹಾಗಾಗಿ "ಹತ್ತು ಪರ್ಸೆಂಟ್" ಎಂದು ಬರೆದು ಸಹಿ ಹಾಕಿದವರು ಯಾವ ಹತ್ತು ಎಂದೂ ಬರೆಯಬೇಕು.

ಈ ರೂಢಿ ಬಲವಾಗಿರುವುದು ಪಟ್ಟಣದ ನೀರಿನ ಮೇನ್ ಪೈಪಿಗೇ ಸ್ಪ್ರಿಂಕ್ಲರ್ ಜೋಡಿಸುವ ದೇಶಗಳಲ್ಲಿ. ಅಲ್ಲಿ ರಸ್ತೆಯ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ಇಟ್ಟ ದೊಡ್ಡ ನಲ್ಲಿ, ತೆರೆದು ಒತ್ತಡ ಅಳೆಯುತ್ತಾರೆ. ಇವತ್ತು ಅಳೆದದ್ದು ಹತ್ತು ವರ್ಷದ ನಂತರ, ಊರು ಬೆಳೆದ ಮೇಲೆ ಇರಲಿಕ್ಕಿಲ್ಲ. ಆದ್ದರಿಂದ ಒತ್ತಡದಲ್ಲಿ ಒಂದಿಷ್ಟು ಕೈಯಲ್ಲಿಟ್ಟುಕೊಳ್ಳುತ್ತಾರೆ. ಅವರ ಭಯಕ್ಕೆ ಅದು ಸರಿಯಾದ ಮದ್ದು. ನಮ್ಮ ಕಪನೂರ, ನಂದೂರ ಕೈಗಾರಿಕಾ ಪ್ರದೇಶದ ಮಿಲ್ಲಿಗೆ ಬೆಂಕಿ ಬಿದ್ದರೆ ನೀರು ಕೊಡಬೇಕಾದದ್ದು ಅದರದೇ ಸಂಪು, ಅದರದೇ ಪಂಪು. ಪಂಪಿನ ಒತ್ತಡ ಎಷ್ಟೆಂದು ಕಂಪನಿ ಕೊಟ್ಟ ಕರ್ವಿನಲ್ಲೇ (ಎಷ್ಟು ಹರಿವಿಗೆ ಎಷ್ಟು ಒತ್ತಡ ಎಂಬ ಗೆರೆಯಲ್ಲೇ) ಇದೆ. ಖಾತ್ರಿ ಇಲ್ಲದ್ದು ಸಂಪಿನ ನೀರು.

ಒಂದು ಲೆಕ್ಕ ಮಾಡೋಣ. ಸ್ಪ್ರಿಂಕ್ಲರ್‌ಗಳ ಭಾರತೀಯ ಮಾನಕ ಐಎಸ್ 15105ರ ಮಧ್ಯಮ ಅಪಾಯದ ವರ್ಗಕ್ಕೆ ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರ್, 360 ಚದರ ಮೀಟರ್ ವಿಸ್ತೀರ್ಣ. ಒಟ್ಟು ನಿಮಿಷಕ್ಕೆ 1,800 ಲೀಟರ್. ಒಂದು ಗಂಟೆ ನಡೆಯಬೇಕೆಂದರೆ 108 ಘನ ಮೀಟರ್. ರೈಸರಿನ (ಮೇಲೇರುವ ಮುಖ್ಯ ಪೈಪಿನ) ಬುಡದಲ್ಲಿ 5 ಬಾರ್ ಬೇಕು, ಅದರಲ್ಲಿ 0.8 ಬಾರ್ ಎತ್ತರಕ್ಕೇ ಹೋಗುತ್ತದೆ ಎಂದು ಇಟ್ಟುಕೊಳ್ಳೋಣ. ಮಾರುಕಟ್ಟೆಯಲ್ಲಿ ನಿಮಿಷಕ್ಕೆ 2,280 ಲೀಟರಿನ ಫೈರ್ ಪಂಪು 56, 70, 88 ಮೀಟರ್ ಒತ್ತಡಗಳಲ್ಲಿ (ಹತ್ತು ಮೀಟರೆಂದರೆ ಸುಮಾರು ಒಂದು ಬಾರ್) ಸಿಗುತ್ತದೆ. "ಇರ್ಲಿ ಬಿಡ್ರಿ, ದೊಡ್ಡದೇ ಕೂಡಸ್ರಿ" ಎಂದು 88 ಮೀಟರಿನದನ್ನು ಕೂರಿಸುತ್ತಾರೆ. ಎಲ್ಲರಿಗೂ ಸಮಾಧಾನ.

ಆದರೆ ಪಂಪು ನಾವು ಕಾಗದದಲ್ಲಿ ಬರೆದ 1,800ಕ್ಕೆ ನಿಲ್ಲುವುದಿಲ್ಲ. ಲೆಕ್ಕಕ್ಕೆ ಹಿಡಿದ ಹೆಡ್‌ಗಳೆಲ್ಲ ತೆರೆದ ದಿನ, ಪಂಪಿನ ಕರ್ವೂ ಪೈಪುಜಾಲದ ಕರ್ವೂ ಕೂಡುವ ಜಾಗದಲ್ಲಿ ಅದು ಓಡುತ್ತದೆ. 88 ಮೀಟರಿನ ಪಂಪಿಗೆ ಆ ಜಾಗ 2,400 ಲೀಟರಿನ ಆಸುಪಾಸು. ಗಂಟೆ ನಡೆಯಬೇಕಿದ್ದ ನೀರು 45 ನಿಮಿಷಕ್ಕೆ ಖಾಲಿ. ಇನ್ನು ಸಂಪಿನೊಳಗೆ ಇಣುಕಿ: 12 ಮೀಟರ್ ಉದ್ದ, ನಾಲ್ಕೂವರೆ ಅಗಲ, ನೀರಿನ ಆಳ 2 ಮೀಟರ್. ಡ್ರಾಯಿಂಗಿನಲ್ಲಿ ಸರಿಯಾಗಿ 108. ಆದರೆ ಸಕ್ಷನ್ (ಪಂಪು ನೀರೆಳೆಯುವ) ಪೈಪಿನ ಬಾಯಿಗಿಂತ ಕೆಳಗಿನ ನೀರು ಪಂಪಿಗೆ ಸಿಗುವುದಿಲ್ಲ. ಬಾಯಿ ಮುಳುಗಿರದಿದ್ದರೆ ಸುಳಿ ಎದ್ದು ಪಂಪು ಗಾಳಿ ಎಳೆಯುತ್ತದೆ. ತಳದ 30 ಸೆಂಟಿಮೀಟರ್ ಬಿಟ್ಟರೆ 16 ಘನ ಮೀಟರ್ ಹೋಯಿತು. ಉಳಿದದ್ದು 38 ನಿಮಿಷದ ನೀರು. ಅಷ್ಟರಲ್ಲಿ ಹಮಾಲರು ಹೈಡ್ರಂಟ್ ಹೋಸ್ ಎಳೆದು ಅದೇ ಸಂಪಿನಿಂದ ಹೊಡೆಯತೊಡಗಿದರೆ ಇನ್ನೂ ಕಡಿಮೆ. ಯಾದಗಿರಿ, ಶಹಾಪುರ ಕಡೆಯ ಹತ್ತಿ ಗೋದಾಮಾದರೆ ಈ ವರ್ಗದ ಲೆಕ್ಕವೇ ಸಾಲದು. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಯ ಒಳಗೆ ಕೂತ ಬೆಂಕಿ ಮೇಲಿನ ಜ್ವಾಲೆ ಆರಿದ ಮೇಲೂ ಬಹಳ ಹೊತ್ತು ಹೊಗೆಯಾಡುತ್ತದೆ. ಅಲ್ಲಿ ಒಂದೊಂದು ನಿಮಿಷದ ನೀರೂ ಬೇಕು.

ಹಾಗಾದರೆ 56 ಮೀಟರಿನ ಪಂಪು? 2,280 ಲೀಟರ್ ಹರಿಯುವಾಗ ಅದು ಐದೂವರೆ ಬಾರ್ ಕೊಡುತ್ತದೆ, 1,800ರಲ್ಲಿ ಅದಕ್ಕೂ ಮೇಲೆ. ಕೇಳಿದ ಹತ್ತು ಪರ್ಸೆಂಟ್ ಅದರಲ್ಲೇ ಬಂತು. ಹೆಡ್‌ಗಳೆಲ್ಲ ತೆರೆದಾಗ ಹರಿಯುವುದು ಸುಮಾರು 1,950 ಲೀಟರ್. ಅದಕ್ಕೆ ಸಕ್ಷನ್ ಬಾಯಿಯ ಮೇಲೆ 117 ಘನ ಮೀಟರ್ ನೀರು ನಿಲ್ಲುವಷ್ಟು ಸಂಪು ಕಟ್ಟಿದರೆ ಪೂರ್ತಿ ಒಂದು ಗಂಟೆ. ಪಂಪಿನಲ್ಲಿ ಉಳಿದ ದುಡ್ಡು ಸಂಪಿನ ಗೋಡೆಗೆ ಹೋಗಲಿ.

ಪೈಪಿನ ವಿಷಯಕ್ಕೆ ಬಂದರೆ, ನಮ್ಮ ಬೋರಿನ ನೀರು ಗಡಸು. ಸೇಡಂ, ಚಿತ್ತಾಪುರದ ಸುಣ್ಣದ ಕಲ್ಲಿನ ನಾಡಲ್ಲಿ ಕೇಳುವುದೇ ಬೇಡ. ಹೊಸ ಉಕ್ಕಿನ ಪೈಪಿಗೆ ಘರ್ಷಣೆ ನಷ್ಟ ಲೆಕ್ಕ ಹಾಕುವ ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ಸಿ ಅಂಕಿ (ಪೈಪಿನ ಒಳಗಿನ ನುಣುಪಿನ ಅಳತೆ) 120 ಹಿಡಿಯುತ್ತೇವೆ. ಒಳಗೆ ಪದರಗಟ್ಟಿ ಅದು 100ಕ್ಕೆ ಇಳಿದರೆ ಘರ್ಷಣೆ ನಷ್ಟ 40 ಪರ್ಸೆಂಟ್ ಏರುತ್ತದೆ. ಇದನ್ನು ಕೊನೆಯ ಹತ್ತು ಪರ್ಸೆಂಟಿಗೆ ಬಿಡದೆ ಲೆಕ್ಕದ ಒಳಗೇ ಸೇರಿಸಬೇಕು. ನಾನು ಎರಡು ಲೆಕ್ಕ ಹಾಕುತ್ತೇನೆ: ಪಂಪು ಆರಿಸಲು ಹಳೆಯ ಪೈಪು, ಸಂಪು ಅಳೆಯಲು ಹೊಸ ಪೈಪು. ಹೊಸ ಪೈಪಿನಲ್ಲಿ ತಡೆ ಕಡಿಮೆ, ನೀರು ಇನ್ನೂ ಬೇಗ ಖರ್ಚು. ಒಂದೇ ಲೆಕ್ಕಕ್ಕೆ ಜೋತುಬಿದ್ದರೆ ಎರಡರಲ್ಲಿ ಒಂದು ಕೊರೆ ಬೀಳುತ್ತದೆ.

ಎರಿ ಮಣ್ಣನ್ನೂ ಮರೆಯುವಂತಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನಲ್ಲಿ ಕೂತ ಸಂಪು ಜಾಗರೂಕತೆಯಿಂದ ಕಟ್ಟದಿದ್ದರೆ ಸೋರುತ್ತದೆ, ಹೂತ ಪೈಪಿನ ಕೀಲುಗಳೂ ಎಳೆದಾಡುತ್ತವೆ. ಸೋರಿಕೆ ಕಾಣುವುದು ಬೇಸಿಗೆಯಲ್ಲಿ. ಭೀಮೆ ಸೊರಗಿ ನಲ್ಲಿ ನೀರಿನ ಪಾಳಿ ಉದ್ದವಾಗುವುದೂ, ಬೋರು ಕೈಕೊಡುವುದೂ, ಟ್ಯಾಂಕರಿಗೆ ಕಾಯುವುದೂ ಆಗಲೇ. ಬೆಂಕಿಯ ಸಂಪಿನಿಂದ "ಈ ವಾರ ಅಷ್ಟೇ" ಎಂದು ಕೊಡದಲ್ಲಿ ಎತ್ತುವುದೂ ಆಗಲೇ. ಹೊರಗಿನ ನೀರು ಮೊದಲು ಬೆಂಕಿಯ ಸಂಪಿಗೆ ಬಂದು, ಅದು ತುಂಬಿ ಹೊರಚೆಲ್ಲಿದ್ದು ಮಾತ್ರ ಬಳಕೆಯ ಸಂಪಿಗೆ ಹೋಗುವಂತೆ ಕಟ್ಟಿದರೆ ಅರ್ಧ ತಂಟೆ ತಪ್ಪುತ್ತದೆ.

ಗೋದಾಮಿನಲ್ಲಿ ಮಾಲು ತುಂಬಿರುವುದೂ ಬಹುಪಾಲು ಅದೇ ಹೊತ್ತಿಗೆ. ತೊಗರಿ ಬರುವುದು ಡಿಸೆಂಬರ್, ಜನವರಿಯಿಂದ. ರೇಟು ಏರಲೆಂದು ಕಾದರೆ ಚೀಲದ ಥಪ್ಪಿ ಬೇಸಿಗೆಯವರೆಗೂ ಏರುತ್ತಲೇ ಇರುತ್ತದೆ. ಅಮೆರಿಕದ ಸ್ಪ್ರಿಂಕ್ಲರ್ ನಿಯಮಾವಳಿ ಎನ್‌ಎಫ್‌ಪಿಎ 13ರಲ್ಲಿ ಸಾಮಾನ್ಯ ಸರಕಿನ ಥಪ್ಪಿ 3.7 ಮೀಟರ್ ದಾಟಿದರೆ ಲೆಕ್ಕದ ದಾರಿಯೇ ಬೇರೆ. ಥಪ್ಪಿ ಐದು ಮೀಟರಿಗೆ ಏರಿದರೆ ಮೂರು ಮೀಟರಿಗೆ ಮಾಡಿದ ವಿನ್ಯಾಸವನ್ನು ಯಾವ ಮಾರ್ಜಿನ್ನೂ ಕಾಯುವುದಿಲ್ಲ. ಗೋಡೆಗೆ ಕೆಂಪು ಗೆರೆ ಎಳೆಸಿ, ಹಮಾಲರ ಮುಕಾದಮನಿಗೆ ತೋರಿಸಿ.

ಸ್ಪ್ರಿಂಕ್ಲರ್ ಹೆಡ್ಡಿನ ಆಯ್ಕೆಗೂ ನೀರಿಗೂ ನಂಟಿದೆ. ಹೆಡ್ಡಿನ ಬಾಯಿ ಮುಚ್ಚಿರುವ ಗಾಜಿನ ಬಲ್ಬ್ ನಿಗದಿತ ಬಿಸಿಗೆ ಒಡೆದಾಗ ನೀರು ಬರುತ್ತದೆ. 68 ಡಿಗ್ರಿಯ ಕೆಂಪು ಬಲ್ಬ್ ಇರುವುದು ಮಾಡಿನ ಕೆಳಗಿನ ಗಾಳಿ 38 ಡಿಗ್ರಿ ಮೀರದ ಜಾಗಕ್ಕೆ. ಮೇ ತಿಂಗಳಲ್ಲಿ ನಮ್ಮ ಹೊರಗಿನ ನೆರಳೇ ಅದನ್ನು ಮೀರುತ್ತದೆ, ತಗಡಿನ ಶೆಡ್ಡಿನ ಒಳಗೆ ಇನ್ನೂ ಹೆಚ್ಚು. ಬೆಂಕಿಯಿಂದ ದೂರದ ಹೆಡ್‌ಗಳೂ ಒಡೆದುಕೊಂಡರೆ ನೀರು ಬೇಡದ ಕಡೆ ಸುರಿಯುತ್ತದೆ. ಹಳದಿಯ 79 ಅಥವಾ ಹಸಿರಿನ 93 ಇಂಥ ಶೆಡ್ಡಿಗೆ ಸರಿ.

ಇನ್ನು ಪರೀಕ್ಷೆ. ಪಂಪುಮನೆಯ ಗೇಜು ಏಳು ಕೆಜಿ (ಸುಮಾರು 7 ಬಾರ್) ತೋರಿಸುತ್ತಿದೆ ಎಂದು ನೆಮ್ಮದಿಯಾಗುವವರೇ ಹೆಚ್ಚು. ಅದು ನೀರು ಹರಿಯದಿದ್ದಾಗ ಜಾಕಿ ಪಂಪು ಎಂಬ ಪುಟ್ಟ ಪಂಪು ಹಿಡಿದಿಟ್ಟ ಒತ್ತಡ. ವಾರಕ್ಕೊಮ್ಮೆ ಪಂಪು ಓಡಿಸಿದರೂ ತಿಳಿಯುವುದು ಅದು ಶುರುವಾಗುತ್ತದೆ ಎಂದಷ್ಟೆ. ಫೈರ್ ಪಂಪಿನ ಒತ್ತಡ ನಿಗದಿತ ಹರಿವಿನ ಒಂದೂವರೆ ಪಟ್ಟಿನಲ್ಲೂ ನಿಗದಿತ ಒತ್ತಡದ 65 ಪರ್ಸೆಂಟಿಗಿಂತ ಇಳಿಯಬಾರದು. ಅದನ್ನು ನೋಡಲು ಫ್ಲೋ ಮೀಟರ್ ಇರುವ ಟೆಸ್ಟ್ ಲೈನ್ ಬೇಕು. ನೀರು ಸಂಪಿಗೇ ಮರಳುವುದರಿಂದ ಬೇಸಿಗೆಯಲ್ಲೂ ಒಂದು ಕೊಡ ನಷ್ಟವಿಲ್ಲ. ಏಪ್ರಿಲ್‌ನಲ್ಲೇ ಮಾಡಿ, ಸಂಪಿನ ಮಟ್ಟವನ್ನೂ ಅದೇ ರಿಜಿಸ್ಟರಿನಲ್ಲಿ ಬರೆಸಿ. ಕೊಟೇಶನ್ ಭಾರವಾಯಿತೆಂದಾಗ ಮಾಲಕರು ಮೊದಲು ಗೀಟು ಹಾಕುವುದು ಈ ಟೆಸ್ಟ್ ಲೈನಿಗೇ. ಗೀಟು ಹಾಕುವುದಿದ್ದರೆ 88 ಮೀಟರಿನ ಪಂಪಿಗೆ ಹಾಕಿ.