ಏರಿಯಾ ಸೋರ್ಸ್: ಹೆಸರಲ್ಲಿರುವ ‘ಏರಿಯಾ’ ಲೆಕ್ಕಕ್ಕಿಲ್ಲ

‘ನಮ್ಮದು ಸಣ್ಣ ಘಟಕ, ಬರೀ ಏರಿಯಾ ಸೋರ್ಸ್. ಹಾಗಾಗಿ ನಿಯಮ ನಮಗಿಲ್ಲ.’ ಅಮೆರಿಕದ ವಾಯುಮಾಲಿನ್ಯ ನಿಯಮಗಳ ಮಾತು ಬಂದಾಗೆಲ್ಲ ಇದೊಂದು ತಲೆಯೆತ್ತುತ್ತದೆ. ಮೊದಲ ವಾಕ್ಯ ನಿಜವಿರಬಹುದು. ಆ ‘ಹಾಗಾಗಿ’ ಮಾತ್ರ ಶುದ್ಧ ತಪ್ಪು.

ಗೊಂದಲಕ್ಕೆ ಹೆಸರೇ ಕಾರಣ. ಹೊಗೆ ಗಾಳಿಯಲ್ಲಿ ಹರಡುವ ಬಗೆಯನ್ನು ಲೆಕ್ಕ ಹಾಕುವವರಿಗೆ ಚಿಮಣಿ ಪಾಯಿಂಟ್ ಸೋರ್ಸ್, ಹೆದ್ದಾರಿ ಲೈನ್ ಸೋರ್ಸ್, ಧೂಳೇಳುವ ಬಯಲು ಏರಿಯಾ ಸೋರ್ಸ್. ಅಲ್ಲಿ ಅದು ಜ್ಯಾಮಿತಿ. ಕ್ಲೀನ್ ಏರ್ ಆಕ್ಟ್‌ನ 112ನೇ ಸೆಕ್ಷನ್‌ಗೆ ಬಂದರೆ ಜ್ಯಾಮಿತಿಯ ಸುಳಿವೇ ಇಲ್ಲ. ಪಟ್ಟಿಯಲ್ಲಿರುವ ಅಪಾಯಕಾರಿ ಮಾಲಿನ್ಯಕಾರಕಗಳಲ್ಲಿ ಯಾವುದಾದರೂ ಒಂದನ್ನು ವರ್ಷಕ್ಕೆ 10 ಟನ್, ಇಲ್ಲವೇ ಎಲ್ಲ ಸೇರಿ 25 ಟನ್ ಹೊರಬಿಡಬಲ್ಲ ಘಟಕ ಮೇಜರ್ ಸೋರ್ಸ್. ವಾಹನಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಏರಿಯಾ ಸೋರ್ಸ್. (‘ಬಿಡಬಲ್ಲ’ ಎಂದೇ ಓದಿ, ಬಿಟ್ಟಿದ್ದೆಷ್ಟು ಎಂಬುದು ಬೇರೆ ಪ್ರಶ್ನೆ.) ಒಂದೇ ಒಂದು ಚಿಮಣಿಯಿರುವ ಪ್ಲೇಟಿಂಗ್ (ಲೋಹಲೇಪನ) ಶಾಪ್ ಕೂಡ ಈ ಲೆಕ್ಕದಲ್ಲಿ ಏರಿಯಾ ಸೋರ್ಸೇ. ಬೇರೆ ಹೆಸರೇ ಸಿಗಲಿಲ್ಲವೇ ಇವರಿಗೆ?

ಇನ್ನು ‘ನಿಯಮ ಇಲ್ಲ’ ಎಂಬ ವಾದ. ಏರಿಯಾ ಸೋರ್ಸ್‌ಗಳಿಗೆಂದೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2008ರಲ್ಲಿ ನಿಯಮ ತಂದಿದೆ: ಪ್ಲೇಟಿಂಗ್, ಪಾಲಿಶಿಂಗ್‌ಗೆ ಒಂದು, ಲೋಹದ ಫ್ಯಾಬ್ರಿಕೇಶನ್, ಫಿನಿಶಿಂಗ್ ಮಾಡುವ ಒಂಬತ್ತು ಬಗೆಯ ಉದ್ಯಮಗಳಿಗೆ ಇನ್ನೊಂದು. ಎರಡರ ಕಣ್ಣೂ ಕ್ಯಾಡ್ಮಿಯಂ, ಕ್ರೋಮಿಯಂ, ಸೀಸ, ಮ್ಯಾಂಗನೀಸ್, ನಿಕಲ್ ಮೇಲೆ. ಎರಡನೆಯದರಲ್ಲಿ ಸಾಮಗ್ರಿಯ ತೂಕದಲ್ಲಿ 0.1% ಕ್ರೋಮಿಯಂ ಇದ್ದರೂ ಸಾಕು, ಅದು ನಿಯಮದ ಲೆಕ್ಕಕ್ಕೆ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠವೆಂದರೂ 10.5% ಇರುತ್ತದೆ. ಆ ಒಂಬತ್ತರಲ್ಲೊಂದನ್ನೇ ಮುಖ್ಯ ಕಸುಬು ಮಾಡಿಕೊಂಡು, ದಿನವೂ ಮೆಷಿನ್‌ನಲ್ಲಿ ಸ್ಟೇನ್‌ಲೆಸ್ ಅನ್ನು ಒಣ ಗ್ರೈಂಡಿಂಗ್ ಮಾಡುವವರು ‘ನಾವು ಸಣ್ಣವರು’ ಎಂದು ಜಾರಿಕೊಳ್ಳುವುದು ಹೇಗೆ?

ಇದೇ ಎರಡನೆಯ ನಿಯಮ ಪ್ರಮಾಣ ನೋಡುವುದು ವೆಲ್ಡಿಂಗ್‌ನಲ್ಲಿ. ಈ ಲೋಹಗಳಿರುವ ವೆಲ್ಡಿಂಗ್ ರಾಡ್ ಹನ್ನೆರಡು ತಿಂಗಳಲ್ಲಿ 2,000 ಪೌಂಡ್ ಮುಟ್ಟಿದರೆ ಹೊಗೆ ಕಣ್ಣಿಗೆ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ದೊಡ್ಡ ಉಪಕರಣವೇನೂ ಬೇಡ. ಸ್ಟಾಪ್‌ವಾಚ್ ಹಿಡಿದು 15 ನಿಮಿಷ ನೋಡುತ್ತ ನಿಲ್ಲುವುದು, ಹೊಗೆ ಕಂಡಷ್ಟು ಹೊತ್ತನ್ನು ಕೂಡಿಸುತ್ತ ಹೋಗುವುದು. ಮೊತ್ತ 6 ನಿಮಿಷ ದಾಟಿದರೆ ಹೊಗೆ ಇದೆ ಎಂದೇ ದಾಖಲು. 2,000 ಪೌಂಡ್ ಮುಟ್ಟದವರಿಗೆ ಈ ಪರೀಕ್ಷೆ ತಪ್ಪುತ್ತದೆ, ನಿಯಮವಲ್ಲ.

ಕ್ರೋಮಿಯಂ ಎಲೆಕ್ಟ್ರೋಪ್ಲೇಟಿಂಗ್‌ನ ದಾರಿಯೇ ಬೇರೆ. ಅದಕ್ಕೆ 1995ರಲ್ಲೇ ಪ್ರತ್ಯೇಕ ನಿಯಮ ಬಂದಿದೆ; ಮೇಜರ್ ಆದರೂ ಅಷ್ಟೇ, ಏರಿಯಾ ಆದರೂ ಅಷ್ಟೇ.